ಅಪ್ಪ ಕಾರು ನಿಲ್ಲಿಸು ಅಂದ ಗುಡ್ಡ

ಐರ್ಲೆಂಡಿನಲ್ಲಿ ಬೇಸಿಗೆ ಬಂತೆಂದರೆ ಹವಾಮಾನ ಇಲಾಖೆಯಿಂದ ಒಂದು ಎಚ್ಚರಿಕೆ ಬರುತ್ತದೆ. ಗಾಳಿಗೆ, ಮಳೆಗೆ, ಹಿಮಕ್ಕೆ ಬರುವ ಹಾಗೆಯೇ ಒಂದು ಹಳದಿ ಪಟ್ಟಿ, ಅದರಲ್ಲಿ 'ಬ್ಲೈಟ್' ಅಂತ ಒಂದು ಪದ. ನಾನು ಡಬ್ಲಿನ್ನಿಗೆ ಬಂದು 11 ವರ್ಷ ಆಯಿತು. ಪ್ರತಿ ವರ್ಷ ಫೋನಿನಲ್ಲಿ ಅದು ಕಾಣಿಸುತ್ತದೆ, ಪ್ರತಿ ವರ್ಷ ಬೆರಳಲ್ಲಿ ಪಕ್ಕಕ್ಕೆ ಸರಿಸಿದ್ದೇನೆ. ಬಟ್ಟೆ ಹೊರಗೆ ಒಣಹಾಕಬಹುದಾ ಇಲ್ವಾ, ಅಷ್ಟು ಗೊತ್ತಾದರೆ ನನಗೆ ಸಾಕಿತ್ತು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ಪದ ಏನು ಹೇಳುತ್ತಿದೆ ಅಂತ ಮೊದಲ ಬೇಸಿಗೆಯಲ್ಲೇ ತಿಳಿಯಬೇಕಿತ್ತು. ತಿಳಿದದ್ದು ಹೋದ ವರ್ಷ ಜುಲೈನಲ್ಲಿ, ಅಪ್ಪ ಬಂದು ಒಂದು ಗುಡ್ಡದ ಮುಂದೆ ಸುಮ್ನೆ ನಿಂತ ಮೇಲೆ. ಆವತ್ತಿನಿಂದ ಅದು ಮನಸ್ಸಿನಲ್ಲಿ ಕೂತುಬಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಅಮ್ಮ ಇಲ್ಲಿಗೆ ಬಂದದ್ದು ಅದೇ ಮೊದಲು. ಸಾಗರದ ಹತ್ತಿರದ ನಮ್ಮೂರಿಂದ ಅಪ್ಪನನ್ನು ಮಳೆಗಾಲದಲ್ಲಿ ಹೊರಡಿಸುವುದು ಅಂದರೆ ಸಣ್ಣ ಕೆಲಸ ಅಲ್ಲ. ತೋಟಕ್ಕೆ ಮೊದಲನೇ ಸಲದ ಔಷಧಿ ಹೊಡೆಸಿಯೇ ವಿಮಾನ ಹತ್ತಿದ್ದರು. ಎರಡನೇ ಸಲದ್ದನ್ನು ನನ್ನ ತಮ್ಮನಿಗೆ ಒಪ್ಪಿಸಿದ್ದರು. ನನ್ನ ಮಗಳಿಗೆ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ ಆಗಸ್ಟಿನಲ್ಲಿ, ಹಾಗಾಗಿ ಬೇರೆ ದಾರಿ ಇರಲಿಲ್ಲ. ಬಂದ ದಿನದಿಂದ ಬೆಳಿಗ್ಗೆ ಎದ್ದು ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ತಮ್ಮನಿಗೆ ಫೋನು. 'ಮಳೆ ಹ್ಯಾಗಿದೆ? ಹೊಳವಾಯ್ತಾ? ಕೊನೆಗೌಡ ಬಂದ್ನಾ?' ಮೂರೇ ಪ್ರಶ್ನೆ. ಹೊಳವು ಅಂದರೆ ಮಳೆ ಬಿಡುವು ಕೊಡುವುದು, ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು. ಕೊನೆಗೌಡ ಸಿಗುವುದೇ ಕಷ್ಟ ಈಗ, ಸಿಕ್ಕ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವನು ಇನ್ನೊಬ್ಬರ ತೋಟದಲ್ಲಿರುತ್ತಾನೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನ ಮನಸ್ಸು ತೋಟದಿಂದ ಒಂದಿಷ್ಟು ಈ ಕಡೆ ತಿರುಗಲಿ ಅಂತಲೇ ನಾವು ನಾಲ್ಕು ದಿನದ ಪ್ರವಾಸ ಹಾಕಿಕೊಂಡೆವು. ನಾನು, ನನ್ನ ಗಂಡ, 9 ವರ್ಷದ ಮಗಳು, ಅಪ್ಪ, ಅಮ್ಮ. ಐದೂ ಜನ ಒಂದೇ ಕಾರಿನಲ್ಲಿ, ಕಾಲಡಿಯಲ್ಲಿ ಅಮ್ಮನ ಚಕ್ಕುಲಿ ಡಬ್ಬ. ಡಬ್ಲಿನ್ನಿನಿಂದ ಪಡುವಣಕ್ಕೆ ಗಾಲ್ವೇ, ಅಲ್ಲಿಂದ ಕಾನಮಾರಾ, ಆಮೇಲೆ ಮೇಯೋ. ಮೋಹರ್ ಕಡಿಬಂಡೆಗಳನ್ನು ಮೊದಲ ದಿನವೇ ನೋಡಿದೆವು. 214 ಮೀಟರ್ ಎತ್ತರದ ಬಂಡೆ, ಕೆಳಗೆ ಅಟ್ಲಾಂಟಿಕ್ ಸಮುದ್ರ. ಅರ್ಧ ಗಂಟೆ ಮಂಜು ಮುಸುಕಿತ್ತು, ಆಮೇಲೆ ತೆರೆಯಿತು, ಫೋಟೋ ತೆಗೆದೆವು. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಅಪ್ಪನಿಗೆ ಅಲ್ಲಿ ಹಿಡಿಸಿದ್ದು ಬಂಡೆ ಅಲ್ಲ, ದಾರಿಯುದ್ದಕ್ಕೂ ಇದ್ದ ಕಲ್ಲಿನ ಪಾಗಾರ. ಮಣ್ಣಿಲ್ಲ, ಸಿಮೆಂಟಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಷ್ಟೇ. ಸಂದಿಯಲ್ಲಿ ಆಚೆಯ ಬೆಳಕು ಕಾಣುತ್ತದೆ. 'ಗಾಳಿ ಹಾದು ಹೋಗ್ಲಿ ಅಂತ ಬಿಟ್ಟಿದಾರೆ, ಇಲ್ದಿದ್ರೆ ಬಿದ್ದು ಹೋಗ್ತಿತ್ತು' ಅಂದರು. ಅಪ್ಪ ಯಾವ ಊರಿಗೆ ಹೋದರೂ ಹೀಗೆಯೇ. ಯಾರು ಕಟ್ಟಿದ್ದು, ಯಾಕೆ ಹೀಗೆ ಕಟ್ಟಿದ್ದು, ಅದನ್ನೇ ನೋಡುತ್ತಾರೆ.

ಎರಡನೇ ದಿನ ಕ್ಲಿಫ್ಡನ್ ಅನ್ನುವ ಸಣ್ಣ ಪೇಟೆಯಲ್ಲಿ ಊಟ ಮಾಡಿದೆವು, ಮಗಳಿಗೆ ಐಸ್‌ಕ್ರೀಂ ಕೊಡಿಸಿದೆವು. (ಈ ಪೇಟೆಯ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.) ಕೈಲ್‌ಮೋರ್ ಅರಮನೆಯಂಥ ಕಟ್ಟಡವನ್ನು ಕೆರೆಯ ಈ ದಡದಿಂದಲೇ ನೋಡಿ ಮುಂದೆ ಹೊರಟೆವು. ಸಂಜೆ ಏಳೂವರೆ. ಜುಲೈನಲ್ಲಿ ಇಲ್ಲಿ ಹತ್ತು ಗಂಟೆಯವರೆಗೂ ಬೆಳಕಿರುತ್ತದೆ. ದಾರಿ ಇಳಿಯುತ್ತಾ ಕಿಲ್ಲರಿಯ ಕಡೆ ತಿರುಗಿತು. ಸಮುದ್ರ ಗುಡ್ಡಗಳ ನಡುವೆ 16 ಕಿಲೋಮೀಟರ್ ಒಳಗೆ ನುಗ್ಗಿ ಬಂದಿರುವ ಜಾಗ ಅದು. ಉದ್ದಕ್ಕೆ ಮಲಗಿದ ನೀರು, ಎರಡೂ ಕಡೆ ಹಸಿರು ಗುಡ್ಡ, ಮನೆಗಳು ಬೆರಳೆಣಿಕೆಯಷ್ಟು. ಇಂಥದನ್ನು ತೋರಿಸಲೆಂದೇ ನಾನು ಅವರನ್ನು ಅಷ್ಟು ದೂರ ಕರೆದುಕೊಂಡು ಬಂದದ್ದು. 'ನೋಡಪ್ಪ, ಎಷ್ಟು ಹಸಿರು' ಅಂದೆ.

ಅಪ್ಪ ಮಾತಾಡಲಿಲ್ಲ. ಕಿಟಕಿಗೆ ಹಣೆ ತಾಗಿಸಿಕೊಂಡು ಎರಡು ತಿರುವು ನೋಡಿದರು. ಆಮೇಲೆ 'ಕಾರು ನಿಲ್ಲಿಸು' ಅಂದರು.

ಮಡಿಗಳು

ಗುಡ್ಡದ ಮೇಲೆ ಗೆರೆಗಳಿದ್ದವು. ಮೇಲಿಂದ ಕೆಳಕ್ಕೆ, ಒಂದರ ಪಕ್ಕ ಒಂದು, ಬಾಚಣಿಗೆಯಲ್ಲಿ ಬಾಚಿದ ಹಾಗೆ. ಇಳಿಬಿಸಿಲು ಓರೆಯಾಗಿ ಬಿದ್ದು ಪ್ರತಿ ಏರಿನ ಪಕ್ಕದಲ್ಲಿ ಒಂದೊಂದು ಸಣ್ಣ ನೆರಳು. ಆ ದಾರಿಯಲ್ಲಿ ನಾನು ಹಿಂದೆ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಮಧ್ಯಾಹ್ನ. ಗೆರೆ ಕಂಡಿರಲಿಲ್ಲ. ಕಂಡಿದ್ದರೂ ಹುಲ್ಲು ಬೆಳೆದದ್ದೇ ಹಾಗೆ ಅಂದುಕೊಳ್ಳುತ್ತಿದ್ದೆನೋ ಏನೋ. ಆಚೆ ದಡದ ಗುಡ್ಡದಲ್ಲೂ ಇದ್ದವು, ನಾವು ನಿಂತ ಕಡೆಯೂ ಇದ್ದವು, ಒಂದು ಮುರಿದ ಕಲ್ಲುಗೋಡೆಯ ಹಿಂದೆ. ಅಲ್ಲೊಂದು ಕಾಲುದಾರಿ ಇತ್ತು. ಅಪ್ಪ ಅದನ್ನು ಹಿಡಿದು ಹೊರಟೇ ಬಿಟ್ಟರು. ಹಿಂದೆ ನಾನು, ನನ್ನ ಹಿಂದೆ ಮಗಳು.

ಅಪ್ಪ ಮೊದಲು ಕೈ ಇಟ್ಟು ನೋಡಿದರು. ಏರಿನ ಮೇಲಿನ ಹುಲ್ಲು ಗಟ್ಟಿ, ಎರಡು ಏರುಗಳ ನಡುವಿನ ತಗ್ಗು ಪಚಪಚ ಅನ್ನುತ್ತಿತ್ತು, ಅಲ್ಲಿ ಜೊಂಡಿನಂಥ ಹುಲ್ಲು. ಆಮೇಲೆ ಪಾದ ಇಟ್ಟು ಅಳೆದರು. ಸುಮಾರು ನಾಲ್ಕು ಪಾದ ಏರು, ಎರಡೂವರೆ ಪಾದ ತಗ್ಗು. ಪಕ್ಕದ್ದನ್ನೂ ಅಳೆದರು, ಅಷ್ಟೇ. ಅದರ ಪಕ್ಕದ್ದೂ ಅಷ್ಟೇ. 'ಇದು ತಾನಾಗಿ ಆಗಿದ್ದಲ್ಲ ಮಗಾ. ಮಡಿ ಇದು. ಇದು ಬಸಿಗಾಲುವೆ' ಅಂದರು. ನಮ್ಮ ತೋಟದಲ್ಲಿ ಸಾಲಿನ ನಡುವೆ ಬಸಿಗಾಲುವೆ ಸರಿಯಿಲ್ಲದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಅದನ್ನು ಪ್ರತಿ ವರ್ಷ ಕೆರೆದು ಸರಿಮಾಡಬೇಕು. ಅಪ್ಪನ ಅರ್ಧ ಆಯಸ್ಸು ಅದರಲ್ಲೇ ಹೋಗಿದೆ. ಆ ಮಡಿ ಮಾಡಿದವನ ಕೈ ಎಂಥದು ಅಂತ ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು.

ಸ್ವಲ್ಪ ಹೊತ್ತು ಮೇಲೆ ನೋಡಿದರು. ಗೆರೆಗಳು ಗುಡ್ಡದ ಅರ್ಧದವರೆಗೂ ಹೋಗಿದ್ದವು, ಅಲ್ಲಿ ಬಂಡೆ ಶುರುವಾಗುತ್ತಿತ್ತು. ಆಗ ಹೇಳಿದ ಮಾತು ನನಗೆ ಇನ್ನೂ ಹಾಗೇ ಕೇಳಿಸುತ್ತದೆ. 'ಇಷ್ಟು ಕಡಿದಾದಲ್ಲಿ ಎತ್ತು ನಿಲ್ಲಲ್ಲ. ಕೈಯಲ್ಲೇ ಅಗೆದಿದ್ದು. ಬಂಡೆ ಬುಡದವರೆಗೂ ಅಗೆದಿದಾರೆ ಅಂದ್ರೆ ಕೆಳಗಿನ ಒಳ್ಳೆ ಜಾಗ ಇವರಿಗೆ ಸಿಕ್ಕಿಲ್ಲ ಅಂತಾಯ್ತು.' ಇನ್ನೂ ಸ್ವಲ್ಪ ಹೊತ್ತು ಬಿಟ್ಟು, 'ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ಬಿಟ್ಟು ಎಲ್ಲಿಗೆ ಹೋದ್ರು?' ಅಂದರು.

ಉತ್ತರ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ, ಇಲ್ಲಿ ಇರುವ ಎಲ್ಲರಿಗೂ ಗೊತ್ತಿರುವಷ್ಟು. 1845ರಲ್ಲಿ ಆಲೂಗಡ್ಡೆಗೆ ರೋಗ ಬಂತು, 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತರು, ಇನ್ನೊಂದು 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಈ ದ್ವೀಪದಲ್ಲಿ ಸುಮಾರು 82 ಲಕ್ಷ ಜನ ಇದ್ದರು. ಈಗ ಉತ್ತರ ಐರ್ಲೆಂಡನ್ನೂ ಸೇರಿಸಿಕೊಂಡರೆ 70 ಲಕ್ಷದ ಸುಮಾರು. ಮಗಳ ಶಾಲೆಯಲ್ಲಿ ಇದರ ಪಾಠ ಇದೆ, ಮನೆಯಲ್ಲಿ ಕೂತು ನಾನೇ ಓದಿಸಿದ್ದೇನೆ. ಆದರೆ ಆ ಪಾಠವನ್ನೂ ಈ ಹಸಿರನ್ನೂ ನಾನು ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಗುಡ್ಡ ಇಷ್ಟು ಖಾಲಿ ಇರುವುದು, ಇಷ್ಟು ಸುಮ್ಮನೆ ಇರುವುದು, ನಾನು ಅಪ್ಪನಿಗೆ ಚೆಂದ ಅಂತ ತೋರಿಸಿದ್ದು ಅದನ್ನೇ ಅಲ್ವಾ? ಜನ ಇಲ್ಲದ್ದರಿಂದಲೇ ಅದು ಹಾಗೆ ಕಾಣುತ್ತಿತ್ತು.

ಆ ರಾತ್ರಿ ಲೀನಾನ್ ಹಳ್ಳಿಯಲ್ಲಿ ಉಳಿದಿದ್ದ ಮನೆಯ ಯಜಮಾನರು ವಯಸ್ಸಾದವರು. ಅಪ್ಪ ನನ್ನ ಕೈಲಿ ಕೇಳಿಸಿದರು, ಆ ಮಡಿ ಹೇಗೆ ಮಾಡುತ್ತಿದ್ದರು ಅಂತ. ಅವರು ಊಟದ ಮೇಜಿನ ಮೇಲಿದ್ದ ಬಟ್ಟೆಯ ಕರವಸ್ತ್ರ ಹಾಸಿದರು. ನಡುವೆ ಎರಡು ಸಾಲು ಸಕ್ಕರೆ ತುಂಡು ಇಟ್ಟರು. ಇದು ಬೀಜದ ಗಡ್ಡೆ, ಕೆಳಗೆ ಕಡಲಿಂದ ಹೊತ್ತು ತಂದ ಪಾಚಿ, ಅದೇ ಗೊಬ್ಬರ. ಆಮೇಲೆ ಕರವಸ್ತ್ರದ ಎಡದ ಅಂಚನ್ನೂ ಬಲದ ಅಂಚನ್ನೂ ಮಡಚಿ ಸಕ್ಕರೆಯ ಮೇಲೆ ಮುಚ್ಚಿದರು. ಎರಡೂ ಕಡೆಯಿಂದ ಹುಲ್ಲು ಸಮೇತ ಮಣ್ಣನ್ನು ಸೀಳಿ ಮಗುಚಿದರೆ ನಡುವೆ ಏರು, ಪಕ್ಕದಲ್ಲಿ ಕಾಲುವೆ. ಅಪ್ಪ ಆ ಕರವಸ್ತ್ರವನ್ನು ತಮ್ಮ ಕಡೆ ಎಳೆದುಕೊಂಡು, ಬಿಚ್ಚಿ, ಮತ್ತೆ ತಾವೇ ಮಡಚಿ ತೋರಿಸಿದರು. ಯಜಮಾನರು ತಲೆಯಾಡಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆ ಐದು ನಿಮಿಷ ನಾನು ಬೇಕಾಗಲೇ ಇಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ 'ಲೇಜಿ ಬೆಡ್' ಅಂತ ಹೆಸರು, ಅಂದರೆ ಸೋಮಾರಿ ಮಡಿ, ಅಂತ ನಾನು ಅಪ್ಪನಿಗೆ ಹೇಳಿದಾಗ ಅವರ ಮುಖ ಬಿಗಿಯಾಯಿತು. 'ಹೆಸರಿಟ್ಟವನು ಒಂದು ದಿನ ಆ ಗುಡ್ಡ ಅಗೀಬೇಕಿತ್ತು' ಅಂದರು. ಅವರು ಸಿಟ್ಟು ಮಾಡುವುದು ತೀರಾ ಅಪರೂಪ. ನನಗೂ ಆ ಹೆಸರು ಈಗ ಬಾಯಿಗೆ ಬರುವುದಿಲ್ಲ.

ಕೊಳೆ

ಮರುದಿನ ಬೆಳಿಗ್ಗೆ ತಮ್ಮನ ಫೋನು. ಮೂರು ದಿನದಿಂದ ಹೊಳವೇ ಇಲ್ಲ, ಔಷಧಿ ಹೊಡೆದಿಲ್ಲ, ಕೆಳಗಿನ ತೋಟದಲ್ಲಿ ಕಾಯಿ ಉದುರಲು ಶುರುವಾಗಿದೆ. ಅಪ್ಪ 'ಹ್ಞೂಂ, ಹ್ಞೂಂ' ಅಂದರು, ಇಟ್ಟರು. ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ಆ ಹಳದಿ ಪಟ್ಟಿ. ನಾನು ಸರಿಸುವ ಮೊದಲು ಮಗಳು ಜೋರಾಗಿ ಓದಿದಳು, ಕನ್ನಡದಲ್ಲಿ ತಾತನಿಗೆ ಹೇಳಿದಳು, 'ತಾತಾ, ಆಲೂಗಡ್ಡೆಗೆ ರೋಗ ಬರುತ್ತಂತೆ, ಹುಷಾರಾಗಿರಬೇಕಂತೆ'. ಅಪ್ಪ ಫೋನು ಇಸಿದುಕೊಂಡು ನೋಡಿದರು. ಯಾವಾಗ ಹೀಗೆ ಹೇಳುತ್ತಾರೆ, ಯಾವ ಲೆಕ್ಕದ ಮೇಲೆ ಅಂತ ಕೇಳಿದರು. ಹುಡುಕಿ ಹೇಳಿದೆ. ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ತೇವ ಶೇಕಡಾ 90ಕ್ಕಿಂತ ಕಮ್ಮಿಯಾಗದೆ, ಒಂದೇ ಸಮನೆ 12 ಗಂಟೆ ಇದ್ದರೆ ರೋಗ ಹಬ್ಬಲು ಶುರುವಾಗುತ್ತದೆ, ಎಚ್ಚರಿಕೆಗೆ ಅದೇ ಮೂಲ. 'ಅಂದ್ರೆ ಕೊಳೆರೋಗ' ಅಂದರು ಅಪ್ಪ. ನಾನು ಅಲ್ಲ, ಇದು ಬೇರೆ ಅನ್ನಲು ಹೋದೆ. 'ಬೆಳೆ ಬೇರೆ. ರೋಗ ಅದೇ' ಅಂದರು.

ಅವರು ಹೇಳಿದ್ದು ಸರಿ. ಆಲೂಗಡ್ಡೆಯದ್ದೂ ಅಡಿಕೆಯದ್ದೂ ಒಂದೇ ಕುಲದ ಜೀವಿ, ಫೈಟಾಫ್ತೊರಾ. ಜಾತಿ ಬೇರೆ, ಮನೆತನ ಒಂದೇ. ಅದರ ಬೀಜಕಣ ನೀರಿನಲ್ಲಿ ಈಜುತ್ತದೆ, ಹಾಗಾಗಿ ಮಳೆ ಬಿಡದಿದ್ದರೆ ಅದಕ್ಕೆ ಹಬ್ಬ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮ ತೋಟಕ್ಕೆ ಅದು ಜೋರಾಗಿ ಬಂದಿತ್ತು. ರಾತ್ರಿ ಮಲಗಿದ್ದಾಗ ಹಿತ್ತಲಿನಾಚೆ ಕಾಯಿ ಬೀಳುವ ಸದ್ದು. ಬೆಳಿಗ್ಗೆ ಅಮ್ಮ ಕಂಬಳಿಕೊಪ್ಪೆ ಹಾಕಿಕೊಂಡು ಬುಟ್ಟಿಗೆ ಆರಿಸುತ್ತಿದ್ದರು, ನಾನೂ ಹೋಗುತ್ತಿದ್ದೆ. ಹಸಿರು ಕಾಯಿ, ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪಗಿನ ಕಲೆ, ಅದರ ಮೇಲೆ ಹತ್ತಿಯ ಹಾಗೆ ಬಿಳಿ ಬೂಷ್ಟು. ಕೈಗೆ ಹತ್ತಿದ ವಾಸನೆ ಸೋಪು ಹಾಕಿದರೂ ಹೋಗುತ್ತಿರಲಿಲ್ಲ, ಶಾಲೆಯಲ್ಲಿ ಸ್ಲೇಟಿಗೂ ಅದೇ ವಾಸನೆ. ಆ ವರ್ಷ ಅಪ್ಪ ಯಾರ ಹತ್ತಿರವೂ ಹೆಚ್ಚು ಮಾತಾಡಲಿಲ್ಲ. 1840ರ ದಶಕದಲ್ಲಿ ಇಲ್ಲಿ ಹೊಲದ ಕಡೆಯಿಂದ ಕೆಟ್ಟ ವಾಸನೆ ಬಂದು, ಹೋಗಿ ನೋಡಿದರೆ ರಾತ್ರಿ ಬೆಳಗಾಗುವುದರಲ್ಲಿ ಗಿಡ ಕಪ್ಪಾಗಿತ್ತು ಅಂತ ಓದಿದಾಗ ನನ್ನ ಬೆರಳ ತುದಿಗೆ ಆ ವಾಸನೆ ಬಂದ ಹಾಗಾಯಿತು.

ಆದರೆ ನಮ್ಮ ಮನೆಯಲ್ಲಿ ಆ ವರ್ಷ ಯಾರೂ ಹಸಿದು ಮಲಗಲಿಲ್ಲ. ಸಾಲ ಆಯಿತು, ಅಮ್ಮನ ಬಳೆ ಹೋಯಿತು, ಅಷ್ಟೇ. ಗದ್ದೆಯ ಅಕ್ಕಿ ಇತ್ತು. ಇಲ್ಲಿಯ ಬಡವರಿಗೆ ಆಲೂಗಡ್ಡೆ ಬಿಟ್ಟರೆ ಬೇರೇನೂ ಇರಲಿಲ್ಲ, ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೋ ಅದನ್ನೇ ತಿನ್ನುತ್ತಿದ್ದ. ಬೆಳೆದ ಧಾನ್ಯ, ಸಾಕಿದ ದನ ಎಲ್ಲ ಇದ್ದೇ ಇದ್ದವು, ಅವು ಗೇಣಿಗೆ ಹೋಗುತ್ತಿದ್ದವು, ಬರದ ವರ್ಷಗಳಲ್ಲೂ ಹಡಗಿನಲ್ಲಿ ಹೊರದೇಶಕ್ಕೆ ಹೋದವು. 'ಗೇಣಿ' ಅನ್ನುವ ಪದ ಹೇಳಿದ್ದು ಅಪ್ಪನೇ. ನಾನು ಬಾಡಿಗೆ, ಜಮೀನ್ದಾರ ಅಂತ ಏನೇನೋ ವಿವರಿಸುತ್ತಿದ್ದೆ, ಅವರು ಅಡ್ಡ ಹಾಕಿ 'ಗೇಣಿ ತಾನೇ' ಅಂದರು. ನಮ್ಮ ಅಜ್ಜ ಗೇಣಿಗೆ ಗದ್ದೆ ಮಾಡಿದವರು. ಗೇಣಿದಾರರು ಮಾಡಿದ 1951ರ ಕಾಗೋಡು ಸತ್ಯಾಗ್ರಹ ನಮ್ಮದೇ ತಾಲ್ಲೂಕಿನದ್ದು. 1974ರ ಭೂಸುಧಾರಣೆ ಕಾಯ್ದೆ ಬಂದ ಮೇಲೆ ಆ ಗದ್ದೆ ನಮ್ಮ ಹೆಸರಿಗಾಯಿತು, ಆಮೇಲೆ ಅದರ ಒಂದು ಭಾಗಕ್ಕೆ ಅಪ್ಪ ಅಡಿಕೆ ಹಾಕಿದರು. ಇಲ್ಲಿ 1847ರಲ್ಲಿ ಒಂದು ಕಾನೂನು ತಂದರು, ಕಾಲು ಎಕರೆಗಿಂತ ಜಾಸ್ತಿ ಭೂಮಿ ಇಟ್ಟುಕೊಂಡವರಿಗೆ ಸರ್ಕಾರದ ಗಂಜಿ ಇಲ್ಲ. ಗಂಜಿ ಬೇಕಾದರೆ ಭೂಮಿ ಬಿಡಬೇಕು. ಅಪ್ಪ ಇದನ್ನು ಎರಡು ಸಲ ಹೇಳಿಸಿಕೊಂಡರು. 'ಕೊಳೆ ಬಂದ್ರೆ ಸಾಲ ಆಗುತ್ತೆ' ಅಂದರು. 'ಇವರು ಸತ್ತಿದ್ದು ಕೊಳೆಯಿಂದ ಅಲ್ಲ.'

ಡೂಲಾಕ್ ದಾರಿ

ಲೀನಾನಿನಿಂದ ಲೂಯಿಸ್‌ಬರ್ಗಿಗೆ ಹೋಗುವ ದಾರಿ ಡೂಲಾಕ್ ಅನ್ನುವ ಕಣಿವೆಯಲ್ಲಿ ಹಾಯುತ್ತದೆ. ಕಪ್ಪು ಕೆರೆ, ಎರಡು ಕಡೆ ನೇರ ಎದ್ದ ಗುಡ್ಡ. ಒಂದು ಕಾರು ಹೋಗುವಷ್ಟು ಅಗಲದ ರಸ್ತೆ, ಮೇಲೆ ಕುರಿಗಳು. ಪ್ರವಾಸದ ಪುಸ್ತಕಗಳಲ್ಲಿ ಐರ್ಲೆಂಡಿನ ಅತಿ ಚೆಂದದ ದಾರಿಗಳಲ್ಲಿ ಇದನ್ನು ಸೇರಿಸುತ್ತಾರೆ, ನಾನೂ ಅದಕ್ಕೇ ಆರಿಸಿದ್ದೆ. 1849ರ ಮಾರ್ಚ್ ಕೊನೆಯಲ್ಲಿ ನೂರಾರು ಜನ ಇಲ್ಲಿ ನಡೆದರು. ಲೂಯಿಸ್‌ಬರ್ಗಿನಲ್ಲಿ ಪರಿಹಾರಕ್ಕೆ ಹೆಸರು ಪರಿಶೀಲಿಸುತ್ತೇವೆ ಅಂತ ಕರೆಸಿ, ಅಲ್ಲಿ ಸೇರಿದ ಮೇಲೆ, ಅಧಿಕಾರಿಗಳು ಈ ಕಣಿವೆಯ ಡೆಲ್ಫಿ ಅನ್ನುವ ಜಾಗದ ಬಂಗಲೆಯಲ್ಲಿ ಇರುತ್ತಾರೆ, ಬೆಳಿಗ್ಗೆ ಅಲ್ಲಿಗೆ ಬನ್ನಿ ಅಂದರು. ಸುಮಾರು 19 ಕಿಲೋಮೀಟರ್. ಹಸಿದ ಜನ, ಚಳಿ, ಮಕ್ಕಳು. ನಡೆದು ಹೋದವರಿಗೆ ಡೆಲ್ಫಿಯಲ್ಲಿ ಏನೂ ಸಿಗಲಿಲ್ಲ, ವಾಪಸ್ ಕಳಿಸಿದರು. ಹಿಂದಿರುಗುವಾಗ ಗಾಳಿ ಮಳೆ ಹಿಮಕ್ಕೆ ಸಿಕ್ಕಿ ದಾರಿಯಲ್ಲೇ ಸತ್ತರು. ಎಷ್ಟು ಜನ ಅನ್ನುವುದು ಹೇಳುವವರಿಂದ ಹೇಳುವವರಿಗೆ ಬೇರೆಯಾಗುತ್ತದೆ.

ರಸ್ತೆಯ ಪಕ್ಕ ಒಂದು ಒರಟು ಕಲ್ಲಿನ ಶಿಲುಬೆ ಇದೆ, ಎತ್ತರ ಏನಿಲ್ಲ. ಕಾರಿನಿಂದ ಇಳಿದಾಗ ತುಂತುರು ಮಳೆ. ಮಗಳು ಕಲ್ಲಿನ ಮೇಲಿದ್ದದ್ದನ್ನು ಓದುತ್ತಾ ಹೋಗಿ ತಟ್ಟನೆ ತಿರುಗಿ, 'ಅಮ್ಮಾ, ಗಾಂಧಿ' ಅಂದಳು. ನಿಜವಾಗಿಯೂ ಗಾಂಧಿಯ ಮಾತು ಅಲ್ಲಿದೆ. ತಮ್ಮಂಥ ಮನುಷ್ಯರನ್ನೇ ಅವಮಾನ ಮಾಡಿ ಜನ ಅದರಲ್ಲಿ ತಮಗೆ ಗೌರವ ಬಂತು ಅಂದುಕೊಳ್ಳುವುದು ಹೇಗೆ ಅಂತ ಕೇಳುವ ಮಾತು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಚಪ್ಪಲಿ ಕಳಚಿ ಒದ್ದೆ ಹುಲ್ಲಿನ ಮೇಲೆ ನಿಂತು ಕೈ ಮುಗಿದರು. ನನಗೆ ಅಲ್ಲಿ ನೆನಪಾದದ್ದು ನಮ್ಮ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ ಇದ್ದರು, 1881ರಲ್ಲಿ 42 ಲಕ್ಷದ ಹತ್ತಿರ. ನಡುವೆ ಬಂದದ್ದು 1876ರಿಂದ 78ರ ಬರ. ಹತ್ತನೇ ಕ್ಲಾಸಿನವರೆಗೆ ಅದೇ ನಾಡಿನಲ್ಲಿ ಓದಿದವಳು ನಾನು, ಆ ಜನರ ನೆನಪಿಗೆ ನಿಲ್ಲಿಸಿದ ಒಂದು ಕಲ್ಲನ್ನೂ ನಾನು ಕಂಡಿಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಮಧ್ಯಾಹ್ನದ ಊಟಕ್ಕೆ ಅಲ್ಲೇ ಕೆರೆಯ ಪಕ್ಕ ಕೂರುವುದು ಅಂತ ಮೊದಲೇ ಅಂದುಕೊಂಡಿದ್ದೆವು. ಆ ಕಲ್ಲು ನೋಡಿದ ಮೇಲೆ ನನಗೆ ಬೇಡ ಅನ್ನಿಸಿತು, ಮುಂದೆ ಎಲ್ಲಾದರೂ ತಿನ್ನೋಣ ಅಂದೆ. ಅಮ್ಮ ಒಪ್ಪಲಿಲ್ಲ. 'ಹಸಿದು ಸತ್ತೋರ ಮುಂದೆ ಊಟ ಬಿಡೋದು ಎಂಥ ಮರ್ಯಾದೆ? ಚೆಲ್ಲದ ಹಾಗೆ ಉಣ್ಣಿ' ಅಂದರು. ಕಾರಿನೊಳಗೇ ಕೂತೆವು, ಗಾಜಿಗೆಲ್ಲ ಮಂಜು ಕಟ್ಟಿತು. ಮೊಸರನ್ನ, ಮಿಡಿ ಉಪ್ಪಿನಕಾಯಿ. ಮಗಳು ತಟ್ಟೆಯ ಅಂಚಿನಲ್ಲಿ ಬಿಟ್ಟ ನಾಲ್ಕು ಅಗುಳನ್ನು ಅಮ್ಮ ಬೆರಳಲ್ಲಿ ಒಟ್ಟು ಮಾಡಿ ಅವಳ ಬಾಯಿಗೇ ಇಟ್ಟರು. ಯಾರೂ ಮಾತಾಡಲಿಲ್ಲ. ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಅಪ್ಪ ಗಾಜು ಒರೆಸಿ ಒರೆಸಿ ಗುಡ್ಡ ನೋಡುತ್ತಿದ್ದರು. ಅಲ್ಲೂ ಗೆರೆ ಹುಡುಕುತ್ತಿದ್ದರು ಅಂತ ನನಗೆ ಗೊತ್ತು.

ಒಂದು ಹೆಸರಿನ ದಾರಿ

ಡಬ್ಲಿನ್ನಿಗೆ ವಾಪಸಾದ ಮೇಲೆ 'ಬೆಳೆ ಬೇರೆ, ರೋಗ ಅದೇ' ಅನ್ನುವ ಮಾತು ಬಿಡಲಿಲ್ಲ, ಹುಡುಕುತ್ತಾ ಕೂತೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಬಂದಿದ್ದರು, ಮುಂದೆ ಅವರೇ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಕೊಳೆರೋಗದ ಬಗ್ಗೆ 1910ರಲ್ಲಿ ಅವರ ವರದಿ ಬಂತು. ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮವರಿಗೆ ಕಲಿಸಿದವರಲ್ಲಿ ಅವರು ಮುಖ್ಯರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್, ನಾವು ಈಗಲೂ ಕಲಸುವುದು ಅದನ್ನೇ. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಒಂದು ಹೊದಿಕೆ, ಕಟ್ಟುತ್ತಿದ್ದರು. ನಮ್ಮ ಅಜ್ಜ ಬೇರೆಯವರ ತೋಟದಲ್ಲಿ ಕೂಲಿಗೆ ಕೊಟ್ಟೆ ಕಟ್ಟಿದ್ದನ್ನು ಅಪ್ಪ ನೋಡಿದ್ದಾರೆ. ಆಲೂಗಡ್ಡೆಗೂ ಇದೇ ದ್ರಾವಣ. 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಕ್ಕೆ ಅಂತ ಹುಟ್ಟಿದ್ದು, ಇಲ್ಲಿಯ ಬರ ಮುಗಿದು ಮೂವತ್ತು ವರ್ಷವೇ ದಾಟಿದ ಮೇಲೆ.

ಇನ್ನೊಂದು ವಿಷಯ ಸಿಕ್ಕಿದಾಗ ರಾತ್ರಿ ಹನ್ನೆರಡು ದಾಟಿತ್ತು, ನಾನು ಎದ್ದು ನಿಂತುಬಿಟ್ಟೆ. ಕೊಳೆರೋಗದ ಜೀವಿಗೆ ಕೋಲ್ಮನ್ ಮೊದಲು ಬೇರೊಂದು ಜಾತಿಯ ಬಗೆ ಅಂತ ಹೆಸರು ಕೊಟ್ಟಿದ್ದರು. ಅದು ಸ್ವತಂತ್ರ ಜಾತಿ, ಫೈಟಾಫ್ತೊರಾ ಅರೆಕೆ ಅನ್ನಬೇಕು ಅಂತ 1913ರಲ್ಲಿ ಡಬ್ಲಿನ್ನಿನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದವರು ಜಾರ್ಜ್ ಪೆಥಿಬ್ರಿಜ್. ಆಲೂಗಡ್ಡೆಯ ರೋಗಗಳನ್ನು ಅವರು ಅಭ್ಯಾಸ ಮಾಡುತ್ತಿದ್ದದ್ದು ಕಾನಮಾರಾದ ಕ್ಲಿಫ್ಡನ್‌ನಲ್ಲಿ. ನಾವು ಐಸ್‌ಕ್ರೀಂ ತಿಂದ ಪೇಟೆಯಲ್ಲಿ. (ಈಗ ವಿಜ್ಞಾನಿಗಳು ಕೊಳೆರೋಗಕ್ಕೆ ಹೆಚ್ಚಾಗಿ ಫೈಟಾಫ್ತೊರಾ ಮೀಡಿ ಅನ್ನುವ ಹೆಸರು ಬಳಸುತ್ತಾರೆ.) ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಅವರಿಗೆ ನನ್ನಷ್ಟು ಆಶ್ಚರ್ಯ ಆಗಲಿಲ್ಲ. 'ಆಲೂಗಡ್ಡೆ ನೋಡ್ದೋನಿಗೆ ಅಡಿಕೆದು ಗೊತ್ತಾಗೇ ಆಗುತ್ತೆ' ಅಂದು ತಮ್ಮನಿಗೆ ಫೋನು ಹಚ್ಚಿದರು. ಆವತ್ತು ಹೊಳವಾಗಿತ್ತು, ಕೊನೆಗೌಡ ಬಂದಿದ್ದ.

ಅಪ್ಪ ಅಮ್ಮ ಆಗಸ್ಟಿನಲ್ಲಿ ವಾಪಸ್ ಹೋದರು. ಕೆಳಗಿನ ತೋಟದಲ್ಲಿ ಮೂರನೇ ಒಂದು ಪಾಲು ಉದುರಿತ್ತು, ಮೇಲಿನದ್ದು ಉಳಿಯಿತು. ಈ ವರ್ಷ ಜೂನ್ ಕೊನೆಯಲ್ಲಿ ಅಪ್ಪನ ಫೋನು. ಮಗಳನ್ನು ಕೇಳಿದರು, ನನ್ನನ್ನು ಕೇಳಿದರು, ಆಮೇಲೆ, 'ಅಲ್ಲಿ ಹಳದಿ ಬಂತಾ?' ಅಂದರು. ನಿನ್ನೆಯೇ ಬಂದಿದೆ ಅಂದೆ. ಎಷ್ಟು ದಿನಕ್ಕೆ, ಯಾವ ಕಡೆಗೆ ಅಂತ ಕೇಳಿದರು. ಪಡುವಣ ಕಡೆ, ಮೂರು ದಿನ ಅಂದೆ. 'ನಾವು ಉಳಿದಿದ್ದ ಮನೆ ಅಜ್ಜನ ಊರಿಗೂ ಬಂತಲ್ಲ ಹಂಗಾದ್ರೆ' ಅಂದರು. 'ಅವರ ಹಿತ್ತಲಲ್ಲಿ ನಾಲ್ಕು ಸಾಲು ಹಾಕಿದ್ರು. ಔಷಧಿ ಹೊಡೆದ್ರೋ ಇಲ್ವೋ, ಒಂದು ಫೋನು ಮಾಡಿ ಕೇಳು.'

ಮಾಡಿದೆ. ಹೊಡೆದಿದ್ದರಂತೆ.